ರಿವೆಟ್ ತೆಗೆಯುವಾಗ ಕೆಟ್ಟ ನಾಲ್ಕು ತೂತುಗಳು: ದೊಡ್ಡದು ಮಾಡುವುದೋ, ಭಾಗವನ್ನೇ ಬದಲಿಸುವುದೋ?

ಕಾಳಿದಂಡೆ (ಕಾರವಾರ)

ಎಲ್ಲರಿಗೂ ನಮಸ್ಕಾರ. ಕೋಡಿಬಾಗದ ನಮ್ಮ ಮನೆಯ ಹಿಂದಿನ ಶೆಡ್ಡಿನಲ್ಲಿ ಎರಡು ಆಸನಗಳ ಲೋಹದ ವಿಮಾನವೊಂದನ್ನು ಕಿಟ್ ತರಿಸಿ ಕಟ್ಟುತ್ತಿದ್ದೇನೆ. ಸದ್ಯ ಬಾಲದ ಅಡ್ಡರೆಕ್ಕೆಯ ಕೆಲಸ ನಡೆದಿದೆ. ಕಳೆದ ಭಾನುವಾರ ಹೊಡೆದ ರಿವೆಟ್‌ಗಳಲ್ಲಿ ಏಳರ ಬಾಲ (ಬಡಿದಾಗ ಹಿಂಬದಿಯಲ್ಲಿ ಚಪ್ಪಟೆಯಾಗುವ ತುದಿ) ನೆಟ್ಟಗೆ ಕೂರದೆ ಒಂದು ಬದಿಗೆ ವಾಲಿತು. ಅವನ್ನು ಡ್ರಿಲ್ ಮಾಡಿ ತೆಗೆಯಲು ಹೋದಾಗ ಮೂರು ಸಲೀಸಾಗಿ ಬಂದವು, ಉಳಿದ ನಾಲ್ಕರ ತೂತುಗಳು ಕೆಟ್ಟವು.

ಮೊದಲ ಎರಡು ತೂತುಗಳು ಹಿಂದಿನ ಸ್ಪಾರ್ (ರೆಕ್ಕೆಯ ಉದ್ದಕ್ಕೂ ಸಾಗುವ ತೊಲೆ) ಮತ್ತು ಅದರ ಬಲವರ್ಧಕ ಪಟ್ಟಿಯನ್ನು ಜೋಡಿಸುವ 1/8 ಇಂಚಿನವು. ವರ್ನಿಯರ್ ಹಿಡಿದು ನೋಡಿದರೆ ಒಂದು ದಿಕ್ಕಿನಲ್ಲಿ 3.27 ಮಿ.ಮೀ., ಇನ್ನೊಂದು ದಿಕ್ಕಿನಲ್ಲಿ 3.5 ಮಿ.ಮೀ. ಬರುತ್ತದೆ. ಮೂರನೆಯದು ರಿಬ್ಬಿನ (ರೆಕ್ಕೆಗೆ ಆಕಾರ ಕೊಡುವ ಅಡ್ಡ ಪಕ್ಕೆಲುಬಿನ) ಮಡಿಕೆಯಲ್ಲಿದೆ. ಅಲ್ಲಿ ಬಿಟ್ ಜಾರಿ ಹಳೆಯ ತೂತಿನ ಪಕ್ಕದಲ್ಲೇ ಇನ್ನೊಂದು ಅರ್ಧ ತೂತು ಕೊರೆದು, ಎರಡೂ ಕೂಡಿ 8ರ ಆಕಾರವಾಗಿದೆ. ನಾಲ್ಕನೆಯದು ಹೊದಿಕೆ ತಗಡಿನಲ್ಲಿ ಡಿಂಪಲ್ ಹೊಡೆದ (ರಿವೆಟ್ಟಿನ ತಲೆ ಮೈಗೆ ಸಮನಾಗಿ ಕೂರಲೆಂದು ತಗಡನ್ನು ಒತ್ತಿ ತಗ್ಗು ಮಾಡಿದ) 3/32 ಇಂಚಿನ ತೂತು, ಅದೀಗ 2.9 ಮಿ.ಮೀ. ಅಗಲವಾಗಿದೆ. ಕೆಟ್ಟ ತೂತುಗಳ ಸುತ್ತ ಗುರುತು ಹಾಕಿ ಫೋಟೋಗಳನ್ನು ಸೇರಿಸಿದ್ದೇನೆ.

ಹೊಸ ರಿಬ್ ತರಿಸಿದರೆ ಅದು ಸಮುದ್ರ ದಾಟಿ ಕಸ್ಟಮ್ಸ್ ಮುಗಿಸಿ ಕೈಗೆ ಸಿಗುವಷ್ಟರಲ್ಲಿ ಮಳೆಗಾಲ ಬಂದುಬಿಡುತ್ತದೆ. ನಾಲ್ಕನ್ನೂ ಒಂದು ಅಳತೆ ದೊಡ್ಡದಾಗಿ ಕೊರೆದು ದಪ್ಪ ರಿವೆಟ್ ಹೊಡೆದರೆ ಸಾಲದೇ?

ಬೈತಕೋಲ ಬೋಟು (ಕಾರವಾರ)

ಅಣ್ಣಾ, ನಾನು ವಿಮಾನದವನಲ್ಲ, ಬಂದರಿನಲ್ಲಿ ಬೋಟುಗಳ ಕೆಲಸ ಮಾಡುವವನು. ಕ್ಯಾಬಿನ್ನಿನ ಅಲ್ಯೂಮಿನಿಯಂ ತಗಡಿನಲ್ಲಿ ತೂತು ಸಡಿಲವಾದರೆ ನಾವು ಎಪಾಕ್ಸಿ ತುಂಬಿ, ಒಣಗಿದ ಮೇಲೆ ಮತ್ತೆ ಕೊರೆದು ಪಾಪ್ ರಿವೆಟ್ (ಒಂದೇ ಬದಿಯಿಂದ ಎಳೆದು ಕೂರಿಸುವ ಟೊಳ್ಳು ರಿವೆಟ್) ಹಾಕುತ್ತೇವೆ. ವರ್ಷಗಟ್ಟಲೆ ನಿಲ್ಲುತ್ತದೆ. ಇಲ್ಲಿಯೂ ಹಾಗೆಯೇ ಮಾಡಲು ಬಾರದೇ? ತಿಳಿದುಕೊಳ್ಳುವ ಆಸೆಯಿಂದಲೇ ಕೇಳುತ್ತಿದ್ದೇನೆ.

ಹಳೆಯ ಕೈ (ಅಂಕೋಲಾ)

ತಮ್ಮಾ, ಮೊದಲು ಡ್ರಿಲ್ಲನ್ನು ಕೆಳಗಿಡಿ. ನಾನು ವಿಮಾನದ ತಗಡಿನ ಕೆಲಸದಲ್ಲಿ ಕೈ ಸವೆಸಿ ನಿವೃತ್ತನಾದವನು. ಕೆಟ್ಟ ತೂತಿನಿಂದ ಒಂದು ಭಾಗ ಹಾಳಾಗುವುದಕ್ಕಿಂತ, ಆ ತೂತನ್ನು ಅವಸರದಲ್ಲಿ ಸರಿಪಡಿಸಲು ಹೋಗಿ ಹಾಳಾಗುವುದನ್ನೇ ಹೆಚ್ಚು ನೋಡಿದ್ದೇನೆ.

ಬೈತಕೋಲದವರು ಮನಸ್ಸಿಟ್ಟು ಕೇಳಿದ್ದಾರೆ, ಅವರಿಗೆ ಮೊದಲು ಉತ್ತರಿಸುತ್ತೇನೆ. ಗಟ್ಟಿ ರಿವೆಟ್ಟನ್ನು ರಿವೆಟ್ ಗನ್ ಮತ್ತು ಬಕಿಂಗ್ ಬಾರ್‌ಗಳ (ಹಿಂಬದಿಯಲ್ಲಿ ಒತ್ತಿ ಹಿಡಿಯುವ ಲೋಹದ ತುಂಡು) ನಡುವೆ ಬಡಿದಾಗ ಅದರ ಕಾಂಡ ಉಬ್ಬಿ ತೂತಿನ ಗೋಡೆಯನ್ನು ಎಲ್ಲ ಕಡೆಯಿಂದಲೂ ಒತ್ತಿ ಹಿಡಿಯುತ್ತದೆ, ಆ ಗೋಡೆಯ ಮೂಲಕವೇ ಒಂದು ತಗಡಿನ ಭಾರ ಇನ್ನೊಂದಕ್ಕೆ ದಾಟುತ್ತದೆ. ನಡುವೆ ಎಪಾಕ್ಸಿ ಇದ್ದರೆ ಲೋಹ ಒತ್ತುವುದು ಲೋಹವನ್ನಲ್ಲ, ಮೆತ್ತನೆಯ ಅಂಟನ್ನು. ಕಂಪನಕ್ಕೆ ಅದು ಪುಡಿಯಾದ ದಿನ ಆ ರಿವೆಟ್ ಹೆಸರಿಗೆ ಮಾತ್ರ ಉಳಿಯುತ್ತದೆ, ಅದರ ಪಾಲಿನ ಭಾರ ಅಕ್ಕಪಕ್ಕದವುಗಳ ಮೇಲೆ ಬೀಳುತ್ತದೆ. ಬೆಸುಗೆಯಂತೂ ಬೇಡವೇ ಬೇಡ. 2024-ಟಿ3 ಎಂಬ ಹದಗೊಳಿಸಿದ ಅಲ್ಯೂಮಿನಿಯಂ ಮಿಶ್ರಲೋಹದ ತಗಡಿಗೆ ಶಾಖ ತಗುಲಿದರೆ ಅದರ ಹದವೇ ಹೋಗುತ್ತದೆ. ಇನ್ನು ಪಾಪ್ ರಿವೆಟ್. ಅದರಿಂದಲೇ ಕಟ್ಟುವಂತೆ ವಿನ್ಯಾಸ ಮಾಡಿದ ವಿಮಾನಗಳಿವೆ, ಆರ್‌ವಿ-12 ಎಂಬ ಕಿಟ್ ವಿಮಾನ ಅಂಥದ್ದೇ. ಆದರೆ ಅವಕ್ಕೆ ಗೊತ್ತುಪಡಿಸಿದ ರಿವೆಟ್ ಬೇರೆ, ಹಾರ್ಡ್‌ವೇರ್ ಅಂಗಡಿಯಲ್ಲಿ ಡಬ್ಬಿಗಟ್ಟಲೆ ಸಿಗುವುದು ಬೇರೆ. ಗಟ್ಟಿ ರಿವೆಟ್ ಇರಬೇಕಾದ ಸ್ಪಾರಿನಲ್ಲಿ ಅಂಗಡಿಯ ಪಾಪ್ ರಿವೆಟ್ ಹಾಕುವಂತಿಲ್ಲ.

ಈಗ ನಿಮ್ಮ ಪ್ರಶ್ನೆ. ತೂತು ಎಷ್ಟು ದೊಡ್ಡದಾಗಿದೆ ಎಂಬುದನ್ನು ಬರೆದಿದ್ದೀರಿ. ಅದರ ಸುತ್ತ ಎಷ್ಟು ಲೋಹ ಉಳಿದಿದೆ ಎಂಬುದನ್ನು ಬರೆದಿಲ್ಲ, ನಿರ್ಧಾರ ನಿಂತಿರುವುದು ಅದರ ಮೇಲೆಯೇ. ಪ್ರತಿ ತೂತಿನ ನಡುಬಿಂದುವಿನಿಂದ ತಗಡಿನ ಹತ್ತಿರದ ಅಂಚಿಗೆ ಎಷ್ಟು, ಪಕ್ಕದ ರಿವೆಟ್ಟಿನ ನಡುಬಿಂದುವಿಗೆ ಎಷ್ಟು, ಈ ಎರಡನ್ನೂ ಅಳೆದು ಹೇಳಿ. ಅಂಚಿಗೆ ರಿವೆಟ್ಟಿನ ವ್ಯಾಸದ ಎರಡು ಪಟ್ಟಾದರೂ ಇರಬೇಕು, ರಿವೆಟ್‌ನಿಂದ ರಿವೆಟ್ಟಿಗೆ ಮೂರು ಪಟ್ಟಾದರೂ ಇರಬೇಕು. ಇವು ಕನಿಷ್ಠ ಮಿತಿಗಳು.

ಇನ್ನೊಂದು ವಿಷಯ. ಫೋಟೋದಲ್ಲಿ ತೂತುಗಳ ಸುತ್ತ ಪೆನ್ಸಿಲ್ಲಿನಿಂದ ವೃತ್ತ ಎಳೆದಂತೆ ಕಾಣುತ್ತಿದೆ. ಪೆನ್ಸಿಲ್ಲಿನ ಗ್ರ್ಯಾಫೈಟ್ ಅಲ್ಯೂಮಿನಿಯಂ ಮೇಲೆ ಕುಳಿತರೆ, ತೇವ ಸೇರಿದಾಗ, ಗೆರೆ ಎಳೆದ ದಾರಿಯಲ್ಲೇ ಲೋಹವನ್ನು ತಿನ್ನತೊಡಗುತ್ತದೆ. ನಿಮ್ಮದು ಕಡಲ ದಂಡೆಯ ಊರು. ಇವತ್ತೇ ಅದನ್ನು ಸ್ಪಿರಿಟ್ ಹಚ್ಚಿ ಪೂರ್ತಿಯಾಗಿ ಒರೆಸಿ, ಮುಂದೆ ಮಾರ್ಕರ್ ಪೆನ್ನನ್ನೇ ಬಳಸಿ.

ಕಾಳಿದಂಡೆ (ಕಾರವಾರ)

ಹಿರಿಯರೇ, ಪೆನ್ಸಿಲ್ ಗುರುತುಗಳನ್ನು ಒರೆಸಿದೆ. ಈ ಅಪಾಯ ನನಗೆ ತಿಳಿದಿರಲಿಲ್ಲ. ರೆಕ್ಕೆಯ ತಗಡುಗಳ ಮೇಲೂ ಹೀಗೆಯೇ ಗೆರೆ ಎಳೆದಿದ್ದೆ, ಅವನ್ನೂ ನಿನ್ನೆ ರಾತ್ರಿ ಕುಳಿತು ತೆಗೆದೆ.

ಅಳತೆಗಳು ಇಲ್ಲಿವೆ. ಸ್ಪಾರಿನ ಎರಡೂ ತೂತುಗಳು ಅಂಚಿನಿಂದ 10.5 ಮಿ.ಮೀ. ದೂರದಲ್ಲಿವೆ, ಪಕ್ಕದ ರಿವೆಟ್ಟಿಗೆ 25 ಮಿ.ಮೀ. ಇದೆ. ರಿಬ್ಬಿನ ಮಡಿಕೆಯಲ್ಲಿ ಮೂಲ ತೂತು ಅಂಚಿಗೆ 6.6 ಮಿ.ಮೀ. ದೂರವಿತ್ತು, ಜಾರಿ ಕೊರೆದದ್ದು ಅಂಚಿನ ಕಡೆಗೇ ಹೋಗಿರುವುದರಿಂದ ಈಗ ಹೊಸ ಅರ್ಧದ ನಡುಬಿಂದು 5 ಮಿ.ಮೀ. ಒಳಗೇ ಇದೆ. ಹೊದಿಕೆ ತಗಡಿನ ತೂತು ಅಂಚಿಗೆ 9 ಮಿ.ಮೀ. ದೂರವಿದೆ. ಸ್ಪಾರ್ ಮತ್ತು ಪಟ್ಟಿ ಸೇರಿ ದಪ್ಪ 4.8 ಮಿ.ಮೀ., ರಿಬ್ಬಿನ ತಗಡು 0.025 ಇಂಚು.

ಕುಮಟಾ ವಿದ್ಯಾರ್ಥಿನಿ

ನಾನು ಮೆಕ್ಯಾನಿಕಲ್ ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿ ಓದುತ್ತಿದ್ದೇನೆ. ಹಿರಿಯರು ಅನುಭವದಿಂದ ಹೇಳಿದ್ದನ್ನು ಲೆಕ್ಕದಿಂದ ನೋಡಲು ಪ್ರಯತ್ನಿಸಿದೆ, ತಪ್ಪಿದ್ದರೆ ತಿದ್ದಿರಿ.

ಎಳೆತಕ್ಕೆ ಒಳಗಾದ ಅಗಲವಾದ ತಗಡಿನಲ್ಲಿ ದುಂಡನೆಯ ಬರಿದಾದ ತೂತು ಇದ್ದರೆ ಅದರ ಅಂಚಿನಲ್ಲಿ ಒತ್ತಡವು ಸುತ್ತಲಿನದಕ್ಕಿಂತ ಮೂರು ಪಟ್ಟಾಗುತ್ತದೆ. 1898ರಲ್ಲಿ ಕಿರ್ಷ್ ಕಂಡುಕೊಟ್ಟ ಫಲ ಇದು. ತೂತು ಅಂಡಾಕಾರವಾಗಿದ್ದರೆ 1913ರ ಇಂಗ್ಲಿಸ್ ಸೂತ್ರ ಅನ್ವಯಿಸುತ್ತದೆ: ಎಳೆತಕ್ಕೆ ಅಡ್ಡವಾಗಿರುವ ಅಗಲವನ್ನು ಇನ್ನೊಂದು ಅಗಲದಿಂದ ಭಾಗಿಸಿ, ಎರಡರಿಂದ ಗುಣಿಸಿ, ಒಂದನ್ನು ಕೂಡಬೇಕು. ಸ್ಪಾರಿನ ತೂತುಗಳಿಗೆ 3.5 ಮತ್ತು 3.27 ಹಾಕಿದರೆ ಸುಮಾರು 3.14 ಬರುತ್ತದೆ. ದುಂಡು ತೂತಿನ ಮೂರಕ್ಕೂ ಇದಕ್ಕೂ ದೊಡ್ಡ ಅಂತರವಿಲ್ಲ. ಅಂದರೆ ಅಲ್ಲಿ ತೊಂದರೆಯಿರುವುದು ಆಕಾರದಲ್ಲಿ ಅಲ್ಲ, ರಿವೆಟ್ ತುಂಬಿ ಕೂರದಿರುವುದರಲ್ಲಿ. ರಿಬ್ಬಿನ 8ರ ಆಕಾರದ ತೂತು ಬೇರೆಯೇ ಬಗೆಯದು. ಎರಡು ವೃತ್ತಗಳು ಕೂಡುವ ನಡುವಿನಲ್ಲಿ ತಗಡಿನ ಎರಡು ಚೂಪು ಮೊನೆಗಳು ಒಳಕ್ಕೆ ಚಾಚಿವೆ, ಅಂಚಿನ ಕಡೆ ಉಳಿದಿರುವ ಲೋಹವೋ ತೀರಾ ಕಿರಿದು. ಅದನ್ನು ಯಾವ ಸೂತ್ರಕ್ಕೂ ಕೂರಿಸಲು ನನಗೆ ಧೈರ್ಯವಾಗಲಿಲ್ಲ.

ರಿವೆಟ್ಟಿನ ಕತ್ತರಿಕೆ ಬಲವನ್ನೂ (ಅಡ್ಡವಾಗಿ ತುಂಡಾಗದೆ ತಡೆಯುವ ಭಾರವನ್ನೂ) ನೋಡಿದೆ. 2117 ಅಲ್ಯೂಮಿನಿಯಂ ಮಿಶ್ರಲೋಹದ, ‘ಎಡಿ’ ಗುರುತಿನ ರಿವೆಟ್‌ಗಳಿಗೆ ಕೋಷ್ಟಕದಲ್ಲಿರುವ ಅಂಕಿಗಳು 3/32 ಇಂಚಿಗೆ 217 ಪೌಂಡು, 1/8ಕ್ಕೆ 388, 5/32ಕ್ಕೆ 596. ಒಂದು ಅಳತೆ ಮೇಲೇರಿದರೆ ರಿವೆಟ್ಟಿನ ಬಲ ಅರ್ಧಕ್ಕಿಂತ ಹೆಚ್ಚು ಏರುತ್ತದೆ, ಆದರೆ ತಗಡಿನಿಂದ ಅಷ್ಟು ಲೋಹವನ್ನು ನಾವೇ ತೆಗೆದುಬಿಡುತ್ತೇವೆ. ಈ ಎರಡನೆಯದನ್ನು ನಾನು ಮೊದಲು ಯೋಚಿಸಿಯೇ ಇರಲಿಲ್ಲ.

ಹಳೆಯ ಕೈ (ಅಂಕೋಲಾ)

ತಂಗೀ, ಲೆಕ್ಕ ಸರಿಯಾಗಿದೆ. ಕೊನೆಯ ಸಾಲನ್ನು ಮರೆಯಬೇಡಿ, ದಪ್ಪ ರಿವೆಟ್ ಎಂದರೆ ಗಟ್ಟಿ ಜೋಡಣೆ ಎಂದು ನಂಬಿದವರು ಬಹಳ ಮಂದಿ.

ಕೋಡಿಬಾಗದ ತಮ್ಮನಿಗೆ ಈಗ ಒಂದೊಂದಾಗಿ ಹೇಳುತ್ತೇನೆ. 1/8 ರಿವೆಟ್ಟಿನ ತೂತು 3.26ರಿಂದ 3.35 ಮಿ.ಮೀ. ಒಳಗಿರಬೇಕು, ನಿಮ್ಮದು 3.5 ಆಗಿ ಮಿತಿ ಮೀರಿದೆ. 5/32ಕ್ಕೆ ಏರಿಸಿದರೆ ಅಂಚಿಗೆ 7.94 ಮಿ.ಮೀ. ಸಾಕು, ನಿಮ್ಮಲ್ಲಿ 10.5 ಇದೆ. ಪಕ್ಕದ ರಿವೆಟ್ಟಿಗೆ 11.9 ಸಾಕು, ನಿಮ್ಮಲ್ಲಿ ಅದರ ಎರಡು ಪಟ್ಟು ಇದೆ. ಆದ್ದರಿಂದ ಸ್ಪಾರಿನ ಎರಡು ತೂತುಗಳನ್ನು ದೊಡ್ಡದು ಮಾಡಲು ಅಡ್ಡಿಯಿಲ್ಲ. ರಿವೆಟ್ಟಿನ ಉದ್ದವೂ ಬದಲಾಗುತ್ತದೆ ಎಂಬುದನ್ನು ಗಮನಿಸಿ. ತಗಡುಗಳ ಒಟ್ಟು ದಪ್ಪಕ್ಕೆ ವ್ಯಾಸದ ಒಂದೂವರೆ ಪಟ್ಟು ಸೇರಿಸಬೇಕು. ಮೊದಲು 6ರ (6/16 ಇಂಚಿನ) ಉದ್ದದ್ದನ್ನು ಹಾಕಿದ್ದಿರಿ, ಈಗ 7ರದ್ದು, ಅಂದರೆ ಎಎನ್470ಎಡಿ5-7 ಬೇಕು. ಹಳೆಯ ಉದ್ದವನ್ನೇ ಹಾಕಿದರೆ ಬಾಲ ತೆಳ್ಳಗಾಗಿ, ಮತ್ತೆ ತೆಗೆಯುವ ಪಾಡು ಬರುತ್ತದೆ.

ಹೊದಿಕೆಯ ತೂತಿಗೆ ಎನ್‌ಎಎಸ್1097ಎಡಿ4 ಎಂಬ ಚಪ್ಪಟೆ ತಲೆಯ ರಿವೆಟ್ ಇದೆ. ಅದರ ಕಾಂಡ 1/8 ಇಂಚಿನದು, ತಲೆ ಮಾತ್ರ ಹೆಚ್ಚುಕಡಿಮೆ 3/32ರ ತಲೆಯಷ್ಟೇ. ಆದ್ದರಿಂದ ಇರುವ ಡಿಂಪಲ್ಲಿನಲ್ಲೇ ಅದು ಕೂರುತ್ತದೆ. ತಲೆ ಚಿಕ್ಕದಾದ್ದರಿಂದ ತಗಡು ಮೇಲೆದ್ದು ಕಳಚುವ ಎಳೆತವನ್ನು ಅದು ಕಡಿಮೆ ತಡೆಯುತ್ತದೆ, ಹಾಗಾಗಿ ಒಂದು ಸಾಲಿನಲ್ಲಿ ಒಂದೆರಡು ಇದ್ದರೆ ಸರಿ, ಇಡೀ ಸಾಲಿಗೆ ಅದನ್ನೇ ಹಾಕುವುದು ತಪ್ಪು. ಡಿಂಪಲ್ಲಿನ ಅಂಚಿನಲ್ಲಿ ಬಿರುಕು ಇದೆಯೇ ಎಂದು ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರದಲ್ಲಿ ನೋಡಿ, ಬಿರುಕಿದ್ದರೆ ನನಗೆ ಮತ್ತೆ ಬರೆಯಿರಿ.

ರಿಬ್ ಹೋಯಿತು. 5/32ಕ್ಕೆ ಬೇಕಾದ 7.94 ಅಲ್ಲಿಲ್ಲ, ಇದ್ದ 6.6 ಕೂಡ ಈಗ ಉಳಿದಿಲ್ಲ. 0.025ರ ತೆಳು ತಗಡಿನಲ್ಲಿ 5/32 ರಿವೆಟ್ ಬಡಿದರೆ ಕಾಂಡ ಉಬ್ಬುವ ರಭಸಕ್ಕೆ ಮಡಿಕೆಯೇ ಸೊಟ್ಟಗಾಗುತ್ತದೆ. ಒಳಗಿನಿಂದ ತೇಪೆ ಪಟ್ಟಿ ಕೊಟ್ಟು ಹೊಸ ರಿವೆಟ್‌ಗಳಿಂದ ಭಾರವನ್ನು ಸುತ್ತಿ ಒಯ್ಯುವ ದಾರಿ ಇದೆ, ಆದರೆ ಅದು ವಿನ್ಯಾಸ ಮಾಡಿದವರು ಒಪ್ಪಿ ಬರೆದುಕೊಟ್ಟರೆ ಮಾತ್ರ. ಸಣ್ಣ ರಿಬ್ಬಿಗೆ ಅಷ್ಟು ಕಸರತ್ತು ಯಾಕೆ? ಹೊಸದನ್ನು ತರಿಸಿ. ನಾಲ್ಕೂ ತೂತುಗಳ ಫೋಟೋ ಮತ್ತು ಅಳತೆಗಳನ್ನು ಕಿಟ್ ಕಂಪನಿಗೆ ಕಳಿಸಿ, ಅವರ ಲಿಖಿತ ಉತ್ತರ ಬರುವವರೆಗೆ ಸ್ಪಾರನ್ನೂ ಮುಟ್ಟಬೇಡಿ.

ನಾನು ಇಷ್ಟು ಬಿಗಿಯಾಗಿ ಹೇಳುವುದಕ್ಕೆ ಕಾರಣವಿದೆ. 1978ರಲ್ಲಿ ಜಪಾನ್ ಏರ್‌ಲೈನ್ಸ್‌ನ ಒಂದು ಬೋಯಿಂಗ್ 747 ಇಳಿಯುವಾಗ ಬಾಲ ನೆಲಕ್ಕೆ ಬಡಿದು, ಹಿಂದಿನ ಒತ್ತಡ ಗೋಡೆಗೆ (ಕ್ಯಾಬಿನ್ನಿನ ಗಾಳಿಯ ಒತ್ತಡವನ್ನು ತಡೆದು ಹಿಡಿಯುವ ಗೋಡೆಗೆ) ರಿಪೇರಿ ಮಾಡಿದರು. ಜೋಡಣೆಯ ಪಟ್ಟಿ ಒಂದೇ ತುಂಡಾಗಿರಬೇಕಿತ್ತು, ಅದನ್ನು ಎರಡಾಗಿ ಕತ್ತರಿಸಿ ಹಾಕಿದ್ದರಿಂದ ಎರಡು ಸಾಲು ರಿವೆಟ್‌ಗಳು ಹೊರಬೇಕಾದ ಭಾರ ಒಂದೇ ಸಾಲಿನ ಮೇಲೆ ಬಿತ್ತು. ಹೊರಗಿನಿಂದ ನೋಡಿದರೆ ಎಲ್ಲ ರಿವೆಟ್‌ಗಳೂ ತಮ್ಮ ತಮ್ಮ ಜಾಗದಲ್ಲಿದ್ದವು. ಏಳು ವರ್ಷ ಹಾರಿದ ಮೇಲೆ, 1985ರ ಆಗಸ್ಟ್ 12ರಂದು, ಆ ಗೋಡೆ ಒಡೆದು 520 ಮಂದಿ ಸತ್ತರು.

ಶಿರಸಿ ಲೇತ್

ನನ್ನದು ಶಿರಸಿಯಲ್ಲಿ ಲೇತ್ ವರ್ಕ್‌ಶಾಪ್, ಸ್ನೇಹಿತರೊಬ್ಬರ ಹಗುರ ವಿಮಾನಕ್ಕೆ ಒಂದಷ್ಟು ಕೆಲಸ ಮಾಡಿಕೊಟ್ಟಿದ್ದೇನೆ. ಹಿರಿಯರ ತೀರ್ಮಾನಗಳನ್ನು ಒಪ್ಪುತ್ತೇನೆ, ಆದರೆ ಒಂದು ಹೆಜ್ಜೆ ಹಿಂದಕ್ಕೆ ಹೋಗಬೇಕು ಅನ್ನಿಸುತ್ತದೆ. ಆ ಏಳು ರಿವೆಟ್‌ಗಳನ್ನು ತೆಗೆಯುವ ಅಗತ್ಯ ಇತ್ತೇ? ಬಾಲ ಸ್ವಲ್ಪ ವಾಲಿದ್ದರೂ, ಅದು ತೂತನ್ನು ಎಲ್ಲ ಕಡೆ ಮುಚ್ಚಿಕೊಂಡು, ಕನಿಷ್ಠ ಎತ್ತರ ಮತ್ತು ಅಗಲ ಇಟ್ಟುಕೊಂಡು, ತಗಡುಗಳ ನಡುವೆ ಸಂದಿಲ್ಲದೆ ಕುಳಿತಿದ್ದರೆ, ಅದನ್ನು ಬಿಡುವುದೇ ಲೇಸು. ನಾನು ಮೊದಮೊದಲು ಅಂದ ಕೆಟ್ಟ ರಿವೆಟ್‌ಗಳನ್ನೆಲ್ಲ ಕಿತ್ತು, ಕೊನೆಗೆ ಒಳ್ಳೆಯ ತಗಡನ್ನೇ ಕೆಡಿಸಿಕೊಂಡಿದ್ದೆ.

ತೆಗೆಯಲೇಬೇಕಾದರೆ ಹೀಗೆ ಮಾಡಿ. ಎಡಿ ರಿವೆಟ್ಟಿನ ದುಂಡು ತಲೆಯ ನಡುವೆ ಒಂದು ಸಣ್ಣ ಕುಳಿ ಇರುತ್ತದೆ. ಅದು ಮಿಶ್ರಲೋಹದ ಗುರುತು, ಡ್ರಿಲ್ಲಿಗೂ ಅದೇ ದಾರಿ ತೋರಿಸುತ್ತದೆ. ಆ ಕುಳಿಯಲ್ಲಿ 2.5 ಮಿ.ಮೀ. ಬಿಟ್ಟಿನ ಮೊನೆ ಇಟ್ಟು, ಡ್ರಿಲ್ ಚಕ್ಕನ್ನು ಮೊದಲು ಕೈಯಿಂದಲೇ ಎರಡು ಸುತ್ತು ತಿರುಗಿಸಿ. ಬಿಟ್ ನಡುವಿನಲ್ಲೇ ಕಚ್ಚಿದೆಯೇ ಎಂದು ನೋಡಿದ ಮೇಲೆ ಮಾತ್ರ ಟ್ರಿಗರ್ ಒತ್ತಿ. ತಲೆಯ ದಪ್ಪದಷ್ಟು ಆಳ ಹೋದರೆ ಸಾಕು, ತಗಡಿನವರೆಗೆ ಹೋಗಬಾರದು. ಆಮೇಲೆ ಆ ತೂತಿನಲ್ಲಿ ಪಿನ್ ಪಂಚ್ ತೂರಿಸಿ ಓರೆಯಾಗಿ ಒತ್ತಿದರೆ ತಲೆ ಟಕ್ಕೆಂದು ಬೇರ್ಪಡುತ್ತದೆ. ಕಾಂಡವನ್ನು ಹೊರಗೆ ತಳ್ಳುವಾಗ ತಗಡಿನ ಹಿಂದೆ ಆಧಾರ ಬೇಕು. ನಾನು ಸಾಗವಾನಿಯ ತುಂಡೊಂದರಲ್ಲಿ 8 ಮಿ.ಮೀ. ತೂತು ಕೊರೆದು ಇಟ್ಟುಕೊಂಡಿದ್ದೇನೆ, ರಿವೆಟ್ಟಿನ ಬಾಲ ಆ ತೂತಿನೊಳಗೆ ಬರುವಂತೆ ಹಿಡಿದು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ತಗಡು ಬಾಗುವುದಿಲ್ಲ. ಕಾಂಡ ಬಾರದೆ ಹಟ ಹಿಡಿದರೆ ಅದರೊಳಗೆ 2.5ರ ಬಿಟ್ಟನ್ನೇ ಇನ್ನಷ್ಟು ಆಳಕ್ಕೆ ಇಳಿಸಿ, ಗೋಡೆ ತೆಳುವಾಗಿ ಒಳಕ್ಕೆ ಕುಸಿಯುತ್ತದೆ. ದಪ್ಪ ಬಿಟ್ ಹಾಕಿ ಒಂದೇ ಸಲಕ್ಕೆ ಮುಗಿಸಲು ಹೋದಾಗಲೇ ಬಿಟ್ ತಗಡಿನ ಕಡೆ ಜಾರುತ್ತದೆ. ನಿಮ್ಮ 8ರ ಆಕಾರ ಹುಟ್ಟಿದ್ದು ಹಾಗೆಯೇ ಇರಬೇಕು.

ಈ ರಿವೆಟ್‌ಗಳಿಗೆ ಬಳಸುವ, ಅಳತೆಯನ್ನು ನಂಬರಿನಿಂದ ಗುರುತಿಸುವ ಬಿಟ್‌ಗಳು ನಮ್ಮ ಕಡೆಯ ಅಂಗಡಿಗಳಲ್ಲಿ ಸಿಗುವುದು ಕಷ್ಟ. 3/32ಕ್ಕೆ 2.5, 1/8ಕ್ಕೆ 3.3, 5/32ಕ್ಕೆ 4.1 ಮಿ.ಮೀ. ಬಿಟ್‌ಗಳು ಮಿತಿಯೊಳಗೇ ಬರುತ್ತವೆ. ಸ್ಪಾರಿನ ಅಂಡಾಕಾರದ ತೂತನ್ನು ದೊಡ್ಡದು ಮಾಡುವಾಗ ನೇರವಾಗಿ 4.1 ಹಾಕಿದರೆ ಬಿಟ್ ಹಳೆಯ ಅಂಡಾಕಾರವನ್ನೇ ಹಿಂಬಾಲಿಸುತ್ತದೆ. ಸ್ಪಾರ್ ಮತ್ತು ಪಟ್ಟಿಯನ್ನು ಅಕ್ಕಪಕ್ಕದ ತೂತುಗಳಲ್ಲಿ ಕ್ಲೀಕೋ (ತಗಡುಗಳನ್ನು ತಾತ್ಕಾಲಿಕವಾಗಿ ಹಿಡಿದಿಡುವ ಪಿನ್) ಹಾಕಿ ಬಿಗಿದು, ಮೇಲೆ ಬಿಟ್ಟನ್ನು ನೇರವಾಗಿ ನಡೆಸುವ ಗಟ್ಟಿ ಉಕ್ಕಿನ ಬುಷ್ (ಕೊಳವೆ) ಇರುವ ಜಿಗ್ ಕೂರಿಸಿ, 3.8ರವರೆಗೆ ಕೊರೆದು, ಕೊನೆಯ ಅಳತೆಗೆ ರೀಮರ್ (ತೂತನ್ನು ನುಣುಪಾಗಿ ನಿಖರ ಅಳತೆಗೆ ತರುವ ಉಪಕರಣ) ಹಾಕುವುದು ಒಳ್ಳೆಯದು. ಬುಷ್ ತಿರುಗಿಸಿಕೊಡುವುದು ನನಗೆ ಒಂದು ಗಂಟೆಯ ಕೆಲಸ. ದೇವಿಮನೆ ಘಟ್ಟ ಇಳಿದು ಬರುವವರ ಕೈಯಲ್ಲಿ ಕಳಿಸಿಕೊಡುತ್ತೇನೆ, ದುಡ್ಡು ಬೇಡ.

ಹಳೆಯ ಕೈ (ಅಂಕೋಲಾ)

ಶಿರಸಿಯವರ ಮೊದಲ ಮಾತನ್ನು ನಾನೇ ಮೊದಲು ಹೇಳಬೇಕಿತ್ತು, ಒಪ್ಪಿದೆ. ಆದರೆ ಸ್ಪಾರಿನ ರಿವೆಟ್‌ಗಳ ಫೋಟೋ ನೋಡಿದ್ದೇನೆ, ಬಾಲ ಒಂದು ಕಡೆ ತೂತಿನ ಅಂಚಿನವರೆಗೂ ಸರಿದಿತ್ತು. ಅವನ್ನು ತೆಗೆದದ್ದು ಸರಿ. ಹೊದಿಕೆಯದನ್ನು ಮಾತ್ರ ಬಿಡಬಹುದಿತ್ತು.

ರೀಮರ್ ಆದ ಮೇಲೆ ಪಟ್ಟಿಯನ್ನು ಬಿಚ್ಚಿ, ಎರಡು ತಗಡುಗಳ ನಡುವೆ ಎದ್ದಿರುವ ಬರ್ (ಕೊರೆದಾಗ ತೂತಿನ ಅಂಚಿನಲ್ಲಿ ಏಳುವ ಚೂಪು ಲೋಹ) ತೆಗೆಯಿರಿ. ದೊಡ್ಡ ಬಿಟ್ಟನ್ನು ಬೆರಳಲ್ಲಿ ಹಿಡಿದು ಒಂದೆರಡು ಸುತ್ತು ತಿರುಗಿಸಿದರೆ ಸಾಕು, ಗುಂಡಿಯಾಗುವಂತೆ ಕೆರೆಯಬೇಡಿ. ಉಜ್ಜಲು ಉಕ್ಕಿನ ನಾರು ಬಳಸಬೇಡಿ, ಅದರ ಕಣಗಳು ಅಲ್ಯೂಮಿನಿಯಂನಲ್ಲಿ ನೆಟ್ಟು ತುಕ್ಕಿಗೆ ಬೀಜವಾಗುತ್ತವೆ. ಹೊಸದಾಗಿ ಕೊರೆದ ಗೋಡೆಗೆ ಪ್ರೈಮರ್ ಹಚ್ಚಲೇಬೇಕು, ತಗಡಿನ ಎರಡೂ ಮೈಗಳ ಮೇಲಿರುವ ಶುದ್ಧ ಅಲ್ಯೂಮಿನಿಯಂ ಪದರ ತೂತಿನ ಒಳಗೋಡೆಯಲ್ಲಿ ಇರುವುದಿಲ್ಲ.

ಬೈತಕೋಲ ಬೋಟು (ಕಾರವಾರ)

ಹಿರಿಯರೇ, ಎಪಾಕ್ಸಿಯ ಬಗ್ಗೆ ತಿಳಿಸಿ ಹೇಳಿದ್ದಕ್ಕೆ ನಮಸ್ಕಾರ. ಉಪ್ಪಿನ ಬಗ್ಗೆ ನನಗೆ ಗೊತ್ತಿರುವುದನ್ನು ಸೇರಿಸುತ್ತೇನೆ. ಉಕ್ಕಿನ ಮೊಳೆಯಿರುವ ಪಾಪ್ ರಿವೆಟ್‌ಗಳನ್ನು ಅಲ್ಯೂಮಿನಿಯಂ ತಗಡಿಗೆ ಹಾಕಿದ ಬೋಟಿನಲ್ಲಿ, ಒಂದು ಮಳೆಗಾಲ ಕಳೆಯುವಷ್ಟರಲ್ಲಿ ತಲೆಯ ಸುತ್ತ ಬಿಳಿ ಪುಡಿ ಕಾಣಿಸುತ್ತದೆ. ಉಗುರಿನಿಂದ ಕೆರೆದರೆ ಪುಡಿಯ ಕೆಳಗೆ ತಗಡು ತಿಂದುಹೋಗಿರುತ್ತದೆ, ಬಣ್ಣ ಮಾತ್ರ ಉಬ್ಬಿ ನಿಂತಿರುತ್ತದೆ. ಇಲ್ಲಿ ಗಾಳಿಯಲ್ಲೇ ಉಪ್ಪಿದೆ. ಶೆಡ್ಡಿನ ಬಾಗಿಲು ಕಡಲಿನ ಕಡೆಗೆ ತೆರೆದುಕೊಳ್ಳುತ್ತಿದ್ದರೆ ತಗಡುಗಳನ್ನು ಮುಚ್ಚಿಡಿ, ಅಣ್ಣಾ.

ಕುಮಟಾ ವಿದ್ಯಾರ್ಥಿನಿ

ಬೈತಕೋಲದ ಅಣ್ಣ ಹೇಳಿದ್ದಕ್ಕೆ ಹೊಂದುವ ಒಂದು ಪ್ರಕರಣವನ್ನು ತರಗತಿಯಲ್ಲಿ ಓದಿದ್ದೇವೆ. 1988ರ ಏಪ್ರಿಲ್ 28ರಂದು ಹವಾಯಿಯಲ್ಲಿ ಅಲೋಹಾ ಏರ್‌ಲೈನ್ಸ್‌ನ ಬೋಯಿಂಗ್ 737ರ ಮೇಲ್ಛಾವಣಿಯ ಸುಮಾರು 18 ಅಡಿ ಉದ್ದದ ಭಾಗ 24,000 ಅಡಿ ಎತ್ತರದಲ್ಲಿ ಹರಿದುಹೋಯಿತು. ಗಗನಸಖಿಯೊಬ್ಬರು ಸತ್ತರು. ಆ ವಿಮಾನ ಕಡಲ ನಡುವಿನ ದ್ವೀಪಗಳ ನಡುವೆಯೇ 89,680 ಬಾರಿ ಹಾರಿತ್ತು. ತಗಡುಗಳನ್ನು ಕೂಡಿಸಿದ್ದ ಅಂಟು ತೇವಕ್ಕೆ ಬಿಟ್ಟುಕೊಂಡು, ಭಾರವೆಲ್ಲ ರಿವೆಟ್‌ಗಳ ಮೇಲೆ ಬಿದ್ದಿತ್ತು. ತೆಳು ತಗಡಿನಲ್ಲಿ ಕೌಂಟರ್‌ಸಿಂಕ್ (ರಿವೆಟ್ಟಿನ ತಲೆ ಕೂರಲೆಂದು ತಗಡನ್ನೇ ಕೊರೆದು ಮಾಡುವ ತಗ್ಗು) ಪೂರ್ತಿ ಆಳಕ್ಕೆ ಹೋಗಿದ್ದರಿಂದ ತೂತುಗಳ ಅಂಚು ಚಾಕುವಿನ ಅಲಗಿನಂತೆ ಚೂಪಾಗಿತ್ತು, ಬಿರುಕುಗಳು ಹುಟ್ಟಿ ಒಂದಕ್ಕೊಂದು ಕೂಡಿದ್ದು ಅಲ್ಲಿಂದಲೇ. ಡಿಂಪಲ್ ಹೊಡೆಯಬೇಕಾದ ತೆಳು ತಗಡಿನಲ್ಲಿ ಯಾಕೆ ಕೌಂಟರ್‌ಸಿಂಕ್ ಕೊರೆಯಬಾರದು ಎಂಬುದು ನನಗೆ ಅರ್ಥವಾದದ್ದು ಇದನ್ನು ಓದಿದಾಗ.

ಕಾಳಿದಂಡೆ (ಕಾರವಾರ)

ಐದು ವಾರಗಳ ನಂತರ ಬರೆಯುತ್ತಿದ್ದೇನೆ. ಕಿಟ್ ಕಂಪನಿಯವರು ಹಿರಿಯರು ಹೇಳಿದ್ದನ್ನೇ ಬಹುತೇಕ ಅದೇ ಕ್ರಮದಲ್ಲಿ ಬರೆದು ಕಳಿಸಿದರು: ಸ್ಪಾರಿನ ಎರಡಕ್ಕೂ 5/32, ಹೊದಿಕೆಗೆ ಚಿಕ್ಕ ತಲೆಯ 1/8, ರಿಬ್ ಹೊಸದು.

ಶಿರಸಿಯ ಬುಷ್ ತಲುಪಿತು, ಋಣಿಯಾಗಿದ್ದೇನೆ. ಕೆಟ್ಟ ರಿಬ್ಬನ್ನೇ ಅಭ್ಯಾಸದ ತಗಡು ಮಾಡಿಕೊಂಡು, ಅದರಲ್ಲಿ ಇಪ್ಪತ್ತು ರಿವೆಟ್ ಹೊಡೆದು ಇಪ್ಪತ್ತನ್ನೂ ತೆಗೆದೆ. ಮೊದಲ ಎಂಟರಲ್ಲಿ ಮೂರು ತೂತು ಕೆಟ್ಟವು, ಕೊನೆಯ ಎಂಟರಲ್ಲಿ ಒಂದೂ ಕೆಡಲಿಲ್ಲ. ಬಿಟ್ಟನ್ನು ಕೈಯಿಂದ ಎರಡು ಸುತ್ತು ತಿರುಗಿಸಿ ನೋಡುವ ಆ ಒಂದು ಅಭ್ಯಾಸದಿಂದಲೇ ಹೆಚ್ಚು ಬದಲಾವಣೆಯಾಯಿತು. ಬಕಿಂಗ್ ಬಾರ್ ಹಿಡಿಯಲು ತಮ್ಮನನ್ನು ಕರೆದುಕೊಂಡೆ. ಹಿಂದೆ ಒಬ್ಬನೇ ಎರಡೂ ಕೈಗೆ ಒಂದೊಂದು ಹಿಡಿದದ್ದೇ ಬಾಲ ವಾಲಲು ಕಾರಣ ಎಂದು ಈಗ ತಿಳಿಯುತ್ತಿದೆ.

ಮೊನ್ನೆ ಸ್ಪಾರಿನ ಎರಡೂ ರಿವೆಟ್ ಕುಳಿತವು. ರೀಮರ್ ಆದ ಮೇಲೆ ತೂತುಗಳು ಎಲ್ಲ ದಿಕ್ಕಿನಲ್ಲೂ 4.1 ತೋರಿಸಿದವು, ಹೊಡೆದ ಬಾಲಗಳ ಅಗಲ 6 ಮತ್ತು 6.1, ಎತ್ತರ 2 ಮಿ.ಮೀ. ಡಿಂಪಲ್ಲಿನಲ್ಲಿ ಬಿರುಕಿರಲಿಲ್ಲ, ಆ ರಿವೆಟ್ಟೂ ಮುಗಿದಿದೆ. ನಿನ್ನೆ ಸಂಜೆ ಟಾಗೋರ್ ಕಡಲತೀರಕ್ಕೆ ಹೋಗಿ, ಚಾಪಲ್ ಯುದ್ಧನೌಕೆಯ ಹತ್ತಿರ ನಿಲ್ಲಿಸಿರುವ ನೌಕಾಪಡೆಯ ಟುಪೊಲೆವ್ ವಿಮಾನದ ಹೊಟ್ಟೆಯ ರಿವೆಟ್ ಸಾಲುಗಳನ್ನು ಬಹಳ ಹೊತ್ತು ನೋಡಿದೆ. ಅಷ್ಟು ಸಾವಿರ ತೂತುಗಳನ್ನು ಯಾರೋ ಒಂದೊಂದಾಗಿ ಕೊರೆದು ಬರ್ ತೆಗೆದಿದ್ದಾರೆ.

ಹೊಸ ರಿಬ್ ಇನ್ನೂ ಕಸ್ಟಮ್ಸ್‌ನಲ್ಲಿದೆ. ಅದು ಕೂರಬೇಕಾದ ಸ್ಪಾರಿನ ತೂತನ್ನು ಅಳೆದೆ, 3.28 ಇದೆ, ಏನೂ ಆಗಿಲ್ಲ. ಬಟ್ಟೆ ಹೊದಿಸಿ, ಶೆಡ್ಡಿನ ಒಳಗೋಡೆಗೆ ಸರಿಸಿ ಇಟ್ಟಿದ್ದೇನೆ.

ಹಳೆಯ ಕೈ (ಅಂಕೋಲಾ)

ಒಳ್ಳೆಯದಾಯಿತು ತಮ್ಮಾ. ಕಂಪನಿಯ ಪತ್ರ, ಹಳೆಯ ಮತ್ತು ಹೊಸ ಅಳತೆಗಳು, ರಿವೆಟ್ಟಿನ ನಂಬರು, ದಿನಾಂಕ, ಎಲ್ಲವನ್ನೂ ಕಟ್ಟುವಿಕೆಯ ದಾಖಲೆ ಪುಸ್ತಕದಲ್ಲಿ ಬರೆದು ಫೋಟೋ ಅಂಟಿಸಿ. ಹೊಸ ರಿಬ್ಬಿನಲ್ಲಿ ಕಾರ್ಖಾನೆಯವರು ಮೊದಲೇ ತೂತು ಹಾಕಿದ್ದರೆ, ಸ್ಪಾರಿಗೆ ಕ್ಲೀಕೋ ಹಾಕಿ ಸರಿಹೊಂದುತ್ತದೆಯೇ ಎಂದು ನೋಡುವವರೆಗೆ ಯಾವುದನ್ನೂ ಪೂರ್ತಿ ಅಳತೆಗೆ ಕೊರೆಯಬೇಡಿ. ರಿಬ್ ಬಂದ ದಿನ ತಿಳಿಸಿ, ಅಂಕೋಲಾದಿಂದ ಬಸ್ಸಿಗೆ ಬಂದು ನಾನೇ ಬಾರ್ ಹಿಡಿಯುತ್ತೇನೆ.